ಐದನೇ ಗಂಟು

ಬೀಸುಕಲ್ಲನ್ನು ಅಪ್ಪ ಟೆಂಪೋದ ಹಿಂಬದಿಯಲ್ಲಿ, ಬಾಗಿಲ ಬಾಯಿಗೇ ಇಟ್ಟಿದ್ದ. ನಾನು ಮೇಲೆ ಹತ್ತಿ ಅದನ್ನು ಉರುಳಿಸಿಕೊಂಡು ಮುಂದೆ, ಡ್ರೈವರನ ಬೆನ್ನ ಹಿಂದಿನ ತಗಡಿಗೆ ತಾಗುವ ಹಾಗೆ ಸರಿಸಿದೆ. ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವನಿಗೆ ಸಿಟ್ಟು ಬಂತು.

“ಏ, ಇಟ್ಟಿದ್ದನ್ನ ಮತ್ತ ಯಾಕ ಸರಸ್ತಿ? ಹೊತ್ತಾಗೇತಿ.”

“ಭಾರದ್ದು ಮುಂದ ಇರಬೇಕು ಅಪ್ಪಾ. ಹಿಂದ ಇಟ್ರ ಏರಿನ್ಯಾಗ ಗಾಡಿ ಮುಂದಿನ ಗಾಲಿ ಎತ್ತತೈತಿ.”

“ಯಾರ ಹೇಳಿದ್ರಲೇ ನಿನಗ?”

“ಮುತ್ಯಾ.”

ಅಪ್ಪ ಇನ್ನೊಂದು ಸಾಮಾನು ತರಲು ಒಳಗೆ ಹೋದ. ಮುತ್ಯಾ ಅಂದರೆ ಅವನ ಅಪ್ಪ. ಸತ್ತು ನಾಲ್ಕು ವರ್ಷವಾಗಿತ್ತು. ಕುರಿ ಕಾಯ್ದವನು. ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ತಿರುಗುವುದು, ಮೂರು ದಿನ ಒಬ್ಬರ ಹೊಲದಲ್ಲಿ, ಮೂರು ದಿನ ಇನ್ನೊಬ್ಬರ ಹೊಲದಲ್ಲಿ. ಇಡೀ ಸಂಸಾರ ಒಂದು ಕುದುರೆಯ ಮೇಲೆ ಹೋಗಬೇಕು. ಹಿಟ್ಟಿನ ಚೀಲ, ಗಡಿಗೆ, ಕಂಬಳಿ, ನಿನ್ನೆ ಹುಟ್ಟಿದ ಕುರಿಮರಿ, ಮನೆಯಲ್ಲಿ ಕೂಸಿದ್ದರೆ ಕೂಸು. ತಪ್ಪು ಹೇರಿದರೆ ಕುದುರೆ ಹತ್ತು ಹೆಜ್ಜೆಗೆ ಕೂತುಬಿಡುತ್ತದೆ. ಅದಕ್ಕೆ ಅವನಿಗೆ ಹೇರುವುದು ಗೊತ್ತಿತ್ತು. ಭಾರದ್ದು ತಳಕ್ಕೆ, ಮುಂದಕ್ಕೆ. ಎರಡೂ ಬಾಜು ಸಮ. ಪಾತ್ರೆ ಖಾಲಿ ಹೋಗಬಾರದು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಇರಬೇಕು. ಇಳಿದ ಕೂಡಲೇ ಬೇಕಾಗುವುದನ್ನು ಕಡೆಗೆ ಹೇರಬೇಕು. ಅವನು ಮುದುಕನಾಗಿ ಖಾನಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತ ಮೇಲೆ ಇದನ್ನೆಲ್ಲ ನನಗೆ ಹೇಳಿದ. ಶಾಲೆಯಲ್ಲಿ ಹೇಳಿದ್ದು ಒಂದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ, ಏಳನೇ ತರಗತಿಗೆ ಬಿಟ್ಟೆ. ಮುತ್ಯಾ ಹೇಳಿದ್ದು ನಿಂತಿತು. ಈಗ ಹನ್ನೆರಡು ವರ್ಷದಿಂದ ಬೆಳಗಾವಿಯಲ್ಲಿ ಮಂದಿಯ ಮನೆ ಸಾಮಾನು ಹೇರಿ ಇಳಿಸುವುದೇ ನನ್ನ ಹೊಟ್ಟೆಪಾಡು. ಮೊದಲು ಹೇರಿದ್ದು ನಮ್ಮದೇ ಮನೆ. ಆಗ ನನಗೆ ಹದಿನಾಲ್ಕು.

ಅಪ್ಪ ಖಾನಾಪುರದ ಒಂದು ಆಫೀಸಿನಲ್ಲಿ ಸಿಪಾಯಿ. ಅವನನ್ನು ಬೆಳಗಾವಿಗೆ ಹಾಕಿದರು. ಶಿವಬಸವ ನಗರದಲ್ಲಿ ಒಬ್ಬರ ಮನೆಯ ಹಿಂದೆ ಎರಡು ಖೋಲಿ ನೋಡಿ ಬಂದ. ಅಲ್ಲಿ ಅಡ್ಡ ಮಲಗಿದರೆ ಕಾಲು ಗೋಡೆಗೆ ಹತ್ತುತ್ತದೆ ಎಂದು ಬಂದು ಹೇಳಿದ. ಟೆಂಪೋ ಒಂದೇ ಖೇಪು, ಅಂದರೆ ಒಂದೇ ಸಲದ ಹೇರು. ಎರಡನೇ ಖೇಪಿಗೆ ಬರುವುದಿಲ್ಲ ಎಂದು ಡ್ರೈವರ್ ಪರಶ್ಯಾ ಮಾಮಾ ಮೊದಲೇ ಹೇಳಿದ್ದ. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಆಯಿ, ನಾನು. ಆಯಿ ಅಂದರೆ ಮುತ್ಯಾನ ಹೆಂಡತಿ, ಕುದುರೆಯ ಹಿಂದೆ ಮೂವತ್ತು ವರ್ಷ ನಡೆದವಳು. ನಾಲ್ಕು ಮಂದಿ. ಹಿಂದಿನ ವರ್ಷದ ತನಕ ಐದು ಇದ್ದೆವು. ನನ್ನ ತಂಗಿ ನಿಂಗವ್ವ ಇದ್ದಳು. ನಾವು ನಿಂಗಿ ಅನ್ನುತ್ತಿದ್ದೆವು. ಕಾಮಾಲೆಯಾಗಿ ಹೋದಳು. ಆಗ ಆಕೆಗೆ ಆರು ವರ್ಷ.

ಆ ಮನೆ ಹೇಗಿತ್ತು ಎಂದರೆ, ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿ ಇಲ್ಲದ ಒಂದು ಸಣ್ಣ ಖೋಲಿ. ಆ ಖೋಲಿಯಲ್ಲಿ ಜೋಳದ ಚೀಲ, ಹಾಸಿಗೆ, ಕಂಬಳಿ ಇಡುತ್ತಿದ್ದರು. ನಾನೂ ನಿಂಗಿಯೂ ಅಲ್ಲೇ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಹಳೇ ಸೀರೆ, ಹಳೇ ಅಂಗಿ ಸೇರಿಸಿ ಆಯಿ ಹೊಲಿದ ಕೌದಿ. ನಿಂಗಿಗೆ ಕಾಲು ತಣ್ಣಗಾಗುವ ರೂಢಿ. ಮಲಗಿದ ಕೂಡಲೇ ಎರಡೂ ಪಾದ ತಂದು ನನ್ನ ಬೆನ್ನಿಗೆ ಒತ್ತುತ್ತಿದ್ದಳು. ನಾನು ಬೈಯುತ್ತಿದ್ದೆ. ಆಕೆ ನಗುತ್ತಿದ್ದಳು. ಜ್ವರ ಬಂದಾಗಲೂ ಕಾಲು ಮಾತ್ರ ತಣ್ಣಗೇ. ಒಂದು ದಿನ ಬೆಳಗಾಗೆದ್ದು ನಾನು ಬೈದೆ, ಕಾಲು ತೆಗಿ ಎಂದೆ. ತೆಗೆಯಲಿಲ್ಲ. ನಾನೇ ತಿರುಗಿ ನೋಡಿದೆ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ನಾನು ಯಾರಿಗೂ ಹೇಳಿಲ್ಲ. ಹೊಳೆಯ ಕಡೆಗಿನ ನಮ್ಮವರ ಜಾಗದಲ್ಲಿ ಮಣ್ಣು ಮಾಡಿದರು. ಆಮೇಲೂ ನಾನು ಅದೇ ಖೋಲಿಯಲ್ಲೇ ಮಲಗಬೇಕಾಯಿತು, ಬೇರೆ ಜಾಗ ಇರಲಿಲ್ಲ. ಮಲಗಿದ ಸ್ವಲ್ಪ ಹೊತ್ತಿಗೆ ಬೆನ್ನಿಗೆ ಎರಡು ಪಾದ ಬಂದು ಹತ್ತುತ್ತಿದ್ದವು. ದಿನಾ ಅಲ್ಲ. ನಾನು ಮರೆತ ದಿನ. ಗೋಡೆಗೆ ಬೆನ್ನು ಹಚ್ಚಿ ಮಲಗಲು ಕಲಿತೆ. ಗೋಡೆಯೂ ತಣ್ಣಗೇ ಇರುತ್ತದೆ, ಅದರಿಂದ ಏನೂ ಉಪಯೋಗವಾಗಲಿಲ್ಲ. ಆದ್ದರಿಂದ ಬೆಳಗಾವಿಗೆ ಹೋಗುವುದಿದೆ ಎಂದು ಅಪ್ಪ ಹೇಳಿದಾಗ ಮನೆಯಲ್ಲಿ ಖುಷಿಯಾದವನು ನಾನೊಬ್ಬನೇ.

ಕಟ್ಟುವುದಕ್ಕೆ ಮೂರು ದಿನ ಹಿಡಿಯಿತು. ಅಪ್ಪ ಆಫೀಸಿಗೆ ಹೋಗುತ್ತಿದ್ದ, ಹೆಂಗಸರಿಬ್ಬರೂ ಕಟ್ಟಿದ್ದನ್ನು ಬಿಚ್ಚುತ್ತಿದ್ದರು. ಅದಕ್ಕೆ ಆ ಕೆಲಸ ನಾನೇ ಕೈಗೆ ತೆಗೆದುಕೊಂಡೆ. ದೊಡ್ಡ ಹಂಡೆಯೊಳಗೆ ಕೊಡ, ಕೊಡದೊಳಗೆ ತಂಬಿಗೆ, ತಂಬಿಗೆಯೊಳಗೆ ಸೌಟು ಚಮಚ. ಸಂದಿಯಲ್ಲಿ ಅಲ್ಲಾಡದಂತೆ ಜೋಳ ಸುರಿದೆ, ಜೋಳಕ್ಕೂ ಬೇರೆ ಚೀಲ ಬೇಕಾಗಲಿಲ್ಲ. ಚಹಾದ ಕಪ್ಪುಗಳನ್ನು ಅಪ್ಪನ ಖಾಕಿ ಪ್ಯಾಂಟಿನ ಕಾಲುಗಳೊಳಗೆ ಒಂದೊಂದಾಗಿ ಇಳಿಸಿ ನಡುನಡುವೆ ದಾರ ಕಟ್ಟಿದೆ. ಒಂದೂ ಒಡೆಯಲಿಲ್ಲ. ಈಗಲೂ ಹಾಗೇ ಮಾಡುತ್ತೇನೆ, ಸಾಹೇಬರ ಹೆಂಡತಿಯರು ನಗುತ್ತಾರೆ, ನಗಲಿ. ಸಣ್ಣ ಟೀವಿಯನ್ನು ಎರಡು ಕಂಬಳಿಯಲ್ಲಿ ಸುತ್ತಿ ಹಾಸಿಗೆಯ ನಡುವೆ ಇಟ್ಟೆ. ಮಂಚದ ಕಾಲು ಬಿಚ್ಚಿ ಹಲಗೆಯನ್ನು ಎರಡೂ ಬಾಜು ಗೋಡೆಯಂತೆ ನಿಲ್ಲಿಸುವುದು ಎಂದು ಮೊದಲೇ ಲೆಕ್ಕ ಹಾಕಿದ್ದೆ. ಆಯಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದಳು.

“ಎಲಾ ಇವನ, ಮುದುಕನ ಕೈ ಬಂದೈತಿ ನಿನಗ.”

“ಕುದರಿ ಒಂದ ಕಡಿಮಿ, ಆಯಿ.”

“ಕುದರಿ ಯಾಕ ಬೇಕ? ನೀ ಅದಿಯಲ್ಲ.”

ಒಂದೇ ಒಂದು ಸಾಮಾನು ತೊಂದರೆ ಕೊಟ್ಟಿತು. ನಿಂಗಿಯ ಗಂಗಾಳ. ಅಂಚಿರುವ ಸಣ್ಣ ಹಿತ್ತಾಳೆ ತಟ್ಟೆ, ಒಂದು ಕಡೆ ಜಜ್ಜಿ ಒಳಗೆ ಹೋಗಿತ್ತು. ಅವ್ವ ಇಡೀ ವರ್ಷ ನಮಗೆಲ್ಲ ಬಡಿಸುವಾಗ ಅದನ್ನೂ ಇಟ್ಟು ಒಂದು ತುತ್ತು ಬಡಿಸುತ್ತಿದ್ದಳು. ಉಂಡಾದ ಮೇಲೆ ಆ ತುತ್ತನ್ನು ಹಿತ್ತಲಲ್ಲಿ ಕಾಗೆಗೆ ಹಾಕಿ ಗಂಗಾಳ ತೊಳೆದಿಡುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಅದನ್ನು ನಮ್ಮ ಗಂಗಾಳಗಳ ಒಳಗೆ ಕೂಡಿಸಿ ಕಟ್ಟಿದೆ. ಹೊತ್ತು ಮುಳುಗುವುದರಲ್ಲಿ ಅವ್ವ ಬಿಚ್ಚಿ ಹೊರಗೆ ತೆಗೆದಿದ್ದಳು. ಮರುದಿನ ಮತ್ತೆ ಕಟ್ಟಿದೆ, ಮತ್ತೆ ತೆಗೆದಳು. ಅದೇ ಸಂಜೆ ಮೂರನೇ ಸಲ ಕಟ್ಟುವಾಗ ಅಪ್ಪನ ಕಣ್ಣಿಗೆ ಬಿತ್ತು.

“ಬಾಳವ್ವಾ, ಸಾಕಿನ್ನ. ಅಲ್ಲಿ ಹೋಗಿ ಮಂದಿ ಮುಂದ ಇದನ್ನೆಲ್ಲ ಮಾಡಬ್ಯಾಡ.”

“ನಾ ಮಂದಿ ಮುಂದ ಎಂದ ಮಾಡೇನ್ರಿ? ನನ್ನ ಒಲಿ ಮುಂದ ಮಾಡೇನಿ.”

“ವರ್ಷ ಆತು.”

“ನಿಮಗ ವರ್ಷ ಆತು. ನನಗ ನಿನ್ನಿನದು. ನಾವ್ ಹೋದ ಮ್ಯಾಲ ಆಕಿ ಉಣ್ಣಾಕ ಬರ್ತಾಳ. ಮನಿ ಖಾಲಿ ಇರ್ತೈತಿ. ಯಾರನ್ನ ಕೇಳಬೇಕ್ರಿ ಆಕಿ?”

ಅಪ್ಪ ಅಂಗಳಕ್ಕೆ ಹೋಗಿ ಬೀಡಿ ಹಚ್ಚಿದ. ಅವ್ವ ಗಂಗಾಳವನ್ನು ಅರಿವೆಯ ಚೀಲಕ್ಕೆ ಹಾಕಿ ತನ್ನ ಬಾಜುವಿಗೆ ಇಟ್ಟುಕೊಂಡಳು. ಅಂದು ಅವಳು ಉಣ್ಣಲಿಲ್ಲ. ಮಾರನೇ ದಿನ, ಅಂದರೆ ನಾವು ಹೊರಡುವ ಹಿಂದಿನ ದಿನ, ನಾನು ಬರುವುದಿಲ್ಲ, ನೀವು ಹೋಗಿರಿ ಎಂದು ಗೋಡೆ ಕಡೆ ಮುಖ ಮಾಡಿ ಹೇಳಿದಳು. ಹಟ ಮಾಡುವ ಹೆಂಗಸಲ್ಲ ಅವಳು. ಅದಕ್ಕೇ ಅಪ್ಪ ಅಂಜಿದ.

ಈಗ ಗಂಟಿನ ಮಾತು ಹೇಳಬೇಕು. ಮುತ್ಯಾನ ಬಳಿ ಒಂದು ಹಗ್ಗ ಇತ್ತು. ಆಡಿನ ಕೂದಲಿನದು, ಕಪ್ಪಗೆ, ತಾನೇ ಹೊಸೆದದ್ದು. ಕುದುರೆಯ ಹೇರಿಗೆ ಅದನ್ನೇ ಬಿಗಿಯುತ್ತಿದ್ದ. ನಮ್ಮ ಕುರುಬರಲ್ಲಿ, ಎಲ್ಲರಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೇರು ಬಿಗಿದು ಆದ ಮೇಲೆ ಹಗ್ಗದ ಬಾಲ ಉಳಿಯುತ್ತದಲ್ಲ, ಅದರಲ್ಲಿ ಹೊರಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಗಂಟು ಹಾಕಬೇಕು. ಹಾಕುವಾಗ ಹೆಸರು ಹಿಡಿದು, ನಡಿ ಹೋಗೂಣು ಅನ್ನಬೇಕು. ಹೋಗುವ ಜಾಗ ಮುಟ್ಟಿದ ಮೇಲೆ ಗಂಟು ಬಿಚ್ಚುತ್ತ ಹೆಸರು ಹಿಡಿದು, ಬಾ ಇಳಿ ಅನ್ನಬೇಕು. ಹಿಂದೆ ಯಾವಾಗಲೋ ಕಂಟಿಯ ನೆರಳಲ್ಲಿ ಮಲಗಿದ್ದ ಕೂಸನ್ನು ಬಿಟ್ಟು ಹಟ್ಟಿಯ ಮಂದಿಯೆಲ್ಲ ಹೋಗಿಬಿಟ್ಟಿದ್ದರಂತೆ. ಆಮೇಲೆ ಈ ಎಣಿಕೆ ಬಂತಂತೆ. ಗಂಟು ಹಾಕುವವನು ಹೇರಿದವನೇ ಆಗಬೇಕು. ಸತ್ತವರ ಹೆಸರು ಮಾತ್ರ ಹಿಡಿಯಬಾರದು. ಹಿಡಿದರೆ ಎದ್ದು ಬರುತ್ತಾರೆ.

ಅವ್ವ ಕೇಳಿದ್ದು ಅದನ್ನೇ. ಹೊರಡುವ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಕಡೇ ರೊಟ್ಟಿ ಬಡಿಯುತ್ತಿದ್ದಳು. ನಾನು ಹಂಚು ಆರಲಿ ಎಂದು ಕಾಯುತ್ತ ನಿಂತಿದ್ದೆ, ಅದೊಂದು ಕಟ್ಟುವುದು ಉಳಿದಿತ್ತು.

“ಮಾಳ್ಯಾ, ಐದ ಗಂಟ ಹಾಕತಿ?”

“ನಾವ್ ನಾಕ ಮಂದಿ ಅವ್ವಾ.”

“ಐದ ಹಾಕು. ನಾ ಟೆಂಪೋ ಹತ್ತತೇನಿ. ಇಲ್ಲಂದ್ರ ನನ್ನ ಇಲ್ಲೇ ಬಿಡ್ರಿ.”

ಆಯಿಗೆ ಕೇಳಿಸಿತು. ಹೊಸ್ತಿಲಿನಿಂದಲೇ ಅಂದಳು:

“ಏ ಬಾಳವ್ವಾ, ತಿಳದ ಮಾತಾಡು. ಮಣ್ಣಿಗಿ ಕೊಟ್ಟವರ್ನ ರಸ್ತೇಕ ಕರೀಬಾರ್ದು. ನನ್ನ ಎರಡು ಮಕ್ಕಳನ್ನ ಯಾವ್ಯಾವದೊ ಹೊಲದ ಬದುವಿನ್ಯಾಗ ಬಿಟ್ಟು ನಡದೇನಿ ನಾನು. ಹಿಂದ ತಿರಗಿ ನೋಡಿಲ್ಲ.”

“ನೀವು ಗಟ್ಟಿ ಅದೀರಿ ಅತ್ತಿ. ನಾ ಇಲ್ಲ.”

ಆಯಿ ಎದ್ದು ಕಟ್ಟೆಗೆ ಹೋದಳು. ಅವಳು ಗಟ್ಟಿ ಏನಲ್ಲ ಎಂದು ಆಗ ಅವಳ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. ಅವ್ವ ಬಿಸಿ ರೊಟ್ಟಿಯ ಮೇಲೆ ಎಣ್ಣೆ, ಖಾರ ಹಾಕಿ ಸುತ್ತಿ ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡುತ್ತ ನಿಂತಳು. ಹಾಕತೇನಿ ಅಂದೆ. ರೊಟ್ಟಿ ತಿಂದೆ. ಅಲ್ಲಿಯ ತನಕ ನನಗೆ ಮೋಸ ಮಾಡುವ ಮನಸ್ಸಿರಲಿಲ್ಲ. ಇದ್ದಿರಲಿಕ್ಕಿಲ್ಲ.

ಟೆಂಪೋ ತುಂಬಿತು. ಬೀಸುಕಲ್ಲು, ಒಳಕಲ್ಲು, ಹಂಡೆ ತಳಕ್ಕೆ. ಮೇಲೆ ಟ್ರಂಕು, ಅದರ ಮೇಲೆ ಹಾಸಿಗೆ, ಹಿಂದುಗಡೆ ಸೈಕಲ್ಲನ್ನು ಬಾಗಿಲಿಗೆ ನೇತು ಹಾಕಿದೆ. ಒಂದು ಸೂಜಿ ಕೂಡ ಹಿಂದೆ ಉಳಿಯಲಿಲ್ಲ. ಪರಶ್ಯಾ ಮಾಮಾ ಸುತ್ತು ಹಾಕಿ ನೋಡಿದ. ಅವನ ಮನೆಮಾತು ಮರಾಠಿ, ನಮ್ಮ ಜೊತೆ ಎರಡೂ ಕಲಸಿ ಮಾತಾಡುತ್ತಿದ್ದ.

“ಅರೇ ವಾ. ಇದು ಎರಡ ಖೇಪಿನ ಮಾಲು. ನನ್ನ ಕೂಡ ಬರ್ತೀಯೇನೋ ಕೆಲಸಕ್ಕ?”

ಮುಂದೆ ಖರೇನೇ ಅವನ ಕೂಡ ಕೆಲಸಕ್ಕೆ ಹೋದೆ. ಆ ಹೊತ್ತಿನಲ್ಲಿ ಮಾತ್ರ ನನ್ನ ಎದೆ ಉಬ್ಬಿತ್ತು. ಹೇರು ಎತ್ತರವಾಗಿತ್ತು. ಮುತ್ಯಾನ ಹಗ್ಗ ಒಂದು ಕುದುರೆಗೆ ಅಂತ ಮಾಡಿದ್ದು, ಟೆಂಪೋಕ್ಕೆ ಎಳೆದು ಬಿಗಿಯುವಷ್ಟರಲ್ಲಿ ಬಾಲ ಮೊಳಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು. ಅಪ್ಪನ ಹೆಸರು ಹಿಡಿದು ಒಂದು ಗಂಟು, ಆಯಿಯದು ಒಂದು, ಅವ್ವನದು ಒಂದು, ನನ್ನದು ಒಂದು. ಅವ್ವ ಮುಂದೆ ಕೂತಿದ್ದಳು, ಡ್ರೈವರನ ಸಾಲಿನಲ್ಲಿ, ಆಯಿಯ ಆಚೆ. ಮಡಿಲಲ್ಲಿ ಅರಿವೆಯ ಚೀಲ. ನಾನು ಏನು ಮಾಡುತ್ತೇನೆ ಎಂದು ಅಲ್ಲಿಂದ ಕಾಣುತ್ತಿರಲಿಲ್ಲ. ಕೂಗಿ ಕೇಳಿದಳು:

“ಹಾಕಿದೇನು?”

“ಹಾಕೇನಿ.”

ಹಗ್ಗ ಗಿಡ್ಡ ಬಿತ್ತು, ಅದಕ್ಕೇ ಹಾಕಲಿಲ್ಲ ಎಂದು ನನ್ನ ಹೆಂಡತಿಗೆ ಹೇಳಿದ್ದೇನೆ. ಸುಳ್ಳು. ಒಂದು ಗೇಣು ಉಳಿದಿತ್ತು. ಗೇಣಿನಲ್ಲಿ ಗಂಟು ಬೀಳುತ್ತದೆ, ನನಗೆ ಗೊತ್ತಿಲ್ಲವೇ? ಆ ನಾಲ್ಕನೇ ಗಂಟು ಹಾಕುವಾಗ ನಡುಖೋಲಿಯ ಬಾಗಿಲು ನನ್ನ ಕಣ್ಣಿಗೆ ನೇರವಾಗಿತ್ತು. ಒಳಗೆ ಏನೂ ಇಲ್ಲ, ಬರೀ ಕತ್ತಲೆ. ನಿಂಗಿಯನ್ನು ಅಲ್ಲೇ ಬಿಟ್ಟು ಹೋಗುತ್ತೇನೆ ಎಂದೇ ನಾನು ಮೂರು ದಿನ ಹುರುಪಿನಿಂದ ಕಟ್ಟಿದ್ದು. ಒಳಗೆ ಹೋಗಿ ಆ ಬಾಗಿಲು ಎಳೆದು ಚಿಲಕ ಹಾಕಿದೆ.

ನಾನೂ ಅಪ್ಪನೂ ಹಿಂದೆ ಹೇರಿನ ಮೇಲೆ. ಅಪ್ಪ ಹಾಸಿಗೆಗೆ ಒರಗಿ ನಿದ್ದೆ ಹೋದ. ಅರ್ಧ ದಾರಿಗೆ ನನಗೆ ಹೊಳೆಯಿತು: ಇಳಿಯುವಾಗ ಗಂಟು ಬಿಚ್ಚುವ ಹೊತ್ತಿಗೆ ಅವ್ವ ಎದುರಿಗೇ ನಿಂತಿರುತ್ತಾಳೆ. ಎಣಿಸುತ್ತಾಳೆ. ಬೆಳಗಾವಿಯೊಳಗೆ ಬಂದು ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು, ಟೆಂಪೋ ನಿಂತಿತು. ಮಾಮಾ ಇಂಜಿನ್ ಬಂದ್ ಮಾಡಿದ. ಮಧ್ಯಾಹ್ನದ ಬಿಸಿಲು, ಮುಂದೆ ನಾಲ್ಕು ಸೈಕಲ್ಲು, ಒಂದು ಎತ್ತಿನ ಬಂಡಿ. ರೈಲು ಇನ್ನೂ ಬಂದಿರಲಿಲ್ಲ. ಎಲ್ಲ ಗಪ್ಪಾಗಿತ್ತು. ನಾನು ಯೋಚನೆ ಮಾಡಿದೆ: ಇಲ್ಲಿ ಗಂಟು ಹಾಕಿದರೆ ಅವ್ವನ ಲೆಕ್ಕಕ್ಕೆ ಗಂಟು ಇರುತ್ತದೆ. ಖಾನಾಪುರ ಇಷ್ಟು ದೂರ ಉಳಿಯಿತು, ಇಲ್ಲಿಂದ ಕರೆದರೆ ಆಕೆಗೆ ಕೇಳಿಸುವುದಿಲ್ಲ. ಎರಡೂ ಆಯಿತು. ನಾನು ಭಾರೀ ಶಾಣ್ಯಾ ಎಂದುಕೊಂಡೆ. ಉಳಿದ ಗೇಣಿನಲ್ಲಿ ಸಣ್ಣ ಗಂಟು ಹಾಕಿದೆ. ಸುಮ್ಮನೆ ಹಾಕಿ ಬಿಡಬೇಕಾಗಿತ್ತು. ಆದರೆ ಚಿಕ್ಕಂದಿನಿಂದ ಮುತ್ಯಾ ಕಲಿಸಿದ್ದು, ಕೈ ಗಂಟು ಹಾಕಿದರೆ ಬಾಯಿ ಹೆಸರು ಹೇಳುತ್ತದೆ. ನಿಂಗವ್ವಾ, ನಡಿ ಹೋಗೂಣು ಎಂದು ಬಾಯಿಂದ ಬಂದೇ ಹೋಯಿತು. ಆಮೇಲೆ ರೈಲು ಬಂತು.

ಶಿವಬಸವ ನಗರದಲ್ಲಿ ಆಯಿ ಮೊದಲು ದೇವರ ಪೆಟ್ಟಿಗೆ ಒಳಗೆ ತೆಗೆದುಕೊಂಡು ಹೋಗಿ ಭಂಡಾರ ಚೆಲ್ಲಿ ಬಂದಳು. ಆಮೇಲೆ ನಾನು ಗಂಟು ಬಿಚ್ಚಿದೆ. ನಾಲ್ಕು ಬಿಚ್ಚಿದೆ. ಐದನೆಯದನ್ನು ಕಂಡು ಆಯಿ ನನ್ನ ಮುಖ ನೋಡಿ ಒಳಗೆ ಹೋದಳು. ಐದನೆಯದಕ್ಕೆ ಅವ್ವ ನನ್ನ ಕೈ ಸರಿಸಿ ತಾನೇ ಬೆರಳು ಹಚ್ಚಿದಳು. ಮೊದಲಿನ ನಾಲ್ಕೂ ಗಂಟು ಖಾನಾಪುರದ ಕೆಂಪು ಧೂಳು ಕುಡಿದು ಬಿಗಿಯಾಗಿದ್ದವು. ಐದನೆಯದು ಎಳೆದ ಕೂಡಲೇ ಬಿಚ್ಚಿತು.

“ಬಾ ನಿಂಗವ್ವಾ, ಇಳಿ.”

ಹಾಗೆ ಅನ್ನುವಾಗ ಅವ್ವ ಹೊಸ ಮನೆಯ ಬಾಗಿಲ ಕಡೆ ನೋಡಲಿಲ್ಲ. ನಾವು ಬಂದ ರಸ್ತೆಯ ಕಡೆ ನೋಡಿದಳು. ನನಗೆ ಅದು ಆಗ ತಿಳಿಯಲಿಲ್ಲ. ಅಂದಿನಿಂದ ಅವ್ವ ಐದನೇ ಗಂಗಾಳ ಇಟ್ಟು ಬಡಿಸುವುದನ್ನು ಬಿಟ್ಟಳು. ಅಪ್ಪನಿಗೆ ಸಮಾಧಾನವಾಯಿತು. ಹೊಸ ನೀರು, ಹೊಸ ಮಂದಿ, ಮರೆತಾಳು ಎಂದ. ನಾನು ಮುಂದಿನ ಖೋಲಿಯಲ್ಲಿ ಮಲಗಿದೆ. ಕಾಲು ಗೋಡೆಗೆ ಹತ್ತುತ್ತಿತ್ತು, ಬೆನ್ನಿಗೆ ಏನೂ ಹತ್ತುತ್ತಿರಲಿಲ್ಲ. ವರ್ಷದ ಮೇಲೆ ಮೊದಲ ಸಲ ಕಣ್ಣು ತುಂಬ ನಿದ್ದೆ ಮಾಡಿದೆ. ಆ ನಿದ್ದೆ ನೆನಪಾದರೆ ಈಗ ನಾಚಿಕೆಯಾಗುತ್ತದೆ.

ನಾನು ಮಾಮಾನ ಕೂಡ ಟೆಂಪೋಕ್ಕೆ ಹೋಗತೊಡಗಿದೆ. ಎರಡು ತಿಂಗಳಾಗಿರಬೇಕು. ಮನೆಯಲ್ಲಿ ಆಯಿ ಗೊಣಗುತ್ತಿದ್ದಳು, ನಿಮ್ಮವ್ವ ಮಧ್ಯಾಹ್ನ ಎತ್ತಾಗ ಹೋಕ್ಕಾಳೋ ಏನೋ, ಕೇಳಿದರ ಕಾಯಿಪಲ್ಲೆ ಅಂತಾಳ, ಬರೂ ಮುಂದ ಚೀಲದಾಗ ಒಂದ ಮೆಣಸಿನಕಾಯಿ ಇರೂದಿಲ್ಲ ಎಂದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಟಿಳಕವಾಡಿಯಲ್ಲಿ ಒಬ್ಬರ ಕಪಾಟು ಹೇರಿಕೊಂಡು ಬರುತ್ತಿದ್ದೆವು. ಅದೇ ಗೇಟು ಹಾಕಿತ್ತು. ನಾನು ಕಪಾಟಿನ ಮೇಲೆ ಕೂತಿದ್ದೆ. ಗೇಟಿನ ಬಾಜು, ಬೇವಿನ ಗಿಡದ ಕೆಳಗೆ, ಅವ್ವ ನಿಂತಿದ್ದಳು. ಕೈಯಲ್ಲಿ ಅರಿವೆಯ ಚೀಲ. ನಾನು ಜಿಗಿದು ಹೋದೆ.

“ಅವ್ವಾ, ಇಲ್ಲೇನ ಮಾಡಾಕತ್ತಿ?”

“ನಿನ್ನ ಗಾಡಿ ಹೋಕ್ಕೈತಿ, ನಡಿ.”

“ಯಾರ್ನ ಕಾಯಾಕತ್ತಿ?”

“ನೀ ಕರದಾಕಿನ್ನ.”

ಅವ್ವ ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದಳು.

“ಟೆಂಪೋದಾಗ ಡ್ರೈವರನ ಬೆನ್ನ ಹಿಂದಿನ ತಗಡಿನ್ಯಾಗ ಕಿಂಡಿ ಇತ್ತು ಮಗಾ. ನನ್ನ ತಲಿ ಅಲ್ಲೇ ಇತ್ತು. ಮನಿ ಮುಂದ ನೀ ನಾಕ ಹೆಸರ ಹಿಡದದ್ದೂ ಕೇಳೇತಿ, ಇಲ್ಲಿ ಒಂದು ಹಿಡದದ್ದೂ ಕೇಳೇತಿ.”

“ಮತ್ತ ಅಂದ ಯಾಕ ಸುಮ್ಮನಿದ್ದಿ?”

“ನೀ ಅಂಜಿದ್ದಿ. ಅಂಜಿದ ಹುಡುಗನ್ನ ಏನ ಬೈಯೂದು?” ಚೀಲವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು, ಒಳಗೆ ಗಂಗಾಳದ ಸಪ್ಪಳವಾಯಿತು. “ಆಕಿ ಸಣ್ಣಾಕಿ. ಎಲ್ಲಿಂದ ಕರೀತಾರೋ ಅಲ್ಲಿಗೇ ಬರ್ತಾಳ. ಹೊಸಾ ಮನಿ ಆಕಿ ನೋಡಿಲ್ಲ. ಇಲ್ಲೀ ತನಕಾ ನಡಕೊಂಡ ಬಂದು ಯಾರೂ ಕಾಣಲಿಲ್ಲಂದ್ರ ಅಳೂದಿಲ್ಲೇನು?”

ಮಾಮಾ ಹಾರ್ನ್ ಹೊಡೆದ. ನಾನು ಖಾನಾಪುರಕ್ಕೆ ಹೋಗಿ ಮನೆ ಮುಂದೆ ನಿಂತು ಸರಿಯಾಗಿ ಕರೆದು ತರುತ್ತೇನೆ, ನೀ ಇಲ್ಲಿ ನಿಲ್ಲಬೇಡ ಎಂದೆ. ಅವ್ವ ನನ್ನ ತಲೆಯ ಮೇಲಿನ ಧೂಳು ಒರೆಸಿದಳು. ತಂದರ ಛಲೋ ಆತು, ಅಲ್ಲೀತನಕಾ ನಾ ನಿಲ್ಲತೇನಿ ಎಂದಳು.

ಮುಂದಿನ ಸೋಮವಾರ ಹಗ್ಗ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಅಪ್ಪನಿಗೆ ಹೇಳಲಿಲ್ಲ. ನಮ್ಮ ಮನೆಗೆ ಬೇರೆಯವರು ಬಂದಿದ್ದರು. ಬಾಗಿಲು ತೆರೆದ ಹೆಂಗಸು ಮರಾಠಿಯಲ್ಲಿ ಯಾರು ಬೇಕು ಎಂದಳು. ಮೊದಲು ಇಲ್ಲಿದ್ದವರು, ಒಂದು ಸಾಮಾನು ಮರೆತಿದ್ದೇವೆ ಎಂದೆ. ನನ್ನ ಮಾತು ಕೇಳಿ ಅವಳೂ ಕನ್ನಡಕ್ಕೆ ಹೊರಳಿ, ಒಳಗೆ ಕರೆದು ನೀರು ಕೊಟ್ಟಳು. ಪಡಸಾಲೆಯಲ್ಲಿ ಮಂಚ, ಮಂಚದ ಮೇಲೆ ನಾಲ್ಕೈದು ವರ್ಷದ ಒಬ್ಬ ಹುಡುಗ. ನಡುಖೋಲಿಯ ಬಾಗಿಲು ಮುಚ್ಚಿತ್ತು. ನೋಡಬಹುದೇ ಎಂದೆ.

“ನೋಡಪಾ, ಅಲ್ಲಿ ಕಟಗಿ ಬಿಟ್ರ ಏನೂ ಇಲ್ಲ. ಮೊದಲ ಪೋರಗ ಅಲ್ಲೇ ಹಾಸತಿದ್ದೆ. ಅವಾ ವಲ್ಲ ಅಂತಾನ.”

“ಯಾಕ್ರಿ?”

“ಬೆನ್ನಿಗಿ ಥಂಡಿ ಹತ್ತತೈತಿ ಅಂತಾನ. ಎಂಥಾ ಥಂಡಿನೋ, ಇಂಥಾ ಸೆಕಿ ದಿನದಾಗ.”

ಆ ಖೋಲಿಯ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತೆ. ನಿಂಗಿ ಗೇಟಿಗೆ ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ. ನಾವು ಚಿಲಕ ಹಾಕಿದ ಜಾಗದಲ್ಲೇ ಇದ್ದಳು, ಯಾರದೋ ಹುಡುಗನ ಬೆನ್ನು ಹುಡುಕಿಕೊಂಡು. ನಾನು ಹಗ್ಗ ತೆಗೆದು ಗಂಟು ಹಾಕಿದೆ. ನಿಂಗವ್ವಾ, ನಡಿ ಹೋಗೂಣು ಎಂದೆ. ಕಟ್ಟಿಗೆಯ ಸಂದಿಯಲ್ಲಿ ಏನೂ ಅಲ್ಲಾಡಲಿಲ್ಲ. ಆ ಹೆಂಗಸು ನನ್ನನ್ನು ನೋಡಿ ಹುಡುಗನನ್ನು ಎತ್ತಿಕೊಂಡಳು. ನಾನು ಬಂದುಬಿಟ್ಟೆ.

ಬಸ್ಸಿನಲ್ಲಿ ಕಿಟಕಿಯ ಬಾಜು ಕೂತೆ, ಚೀಲ ತೊಡೆಯ ಮೇಲೆ. ಬಸ್ಸು ತುಂಬಿತ್ತು, ನಿಂತವರು ಬೆವರುತ್ತ ಒಬ್ಬರಿಗೊಬ್ಬರು ಒತ್ತುತ್ತಿದ್ದರು. ನನ್ನ ಬಾಜು ಸೀಟು ಖಾಲಿ. ಯಾರೂ ಕೂರಲಿಲ್ಲ. ಒಬ್ಬ ಮುದುಕ ಕೂರಲು ಬಾಗಿ, ಮತ್ತೆ ಎದ್ದು ನಿಂತ. ನನಗೆ ಬೆನ್ನ ಕೆಳಗೆ, ಸೊಂಟದ ಹತ್ತಿರ, ತಣ್ಣಗಾಯಿತು. ಎರಡು ಕಡೆ. ಟಿಳಕವಾಡಿಯ ಗೇಟು ಬಂತು. ಹಾಕಿರಲಿಲ್ಲ, ಆದರೂ ಬಸ್ಸು ಅಲ್ಲಿ ಮೆಲ್ಲಗಾಗುತ್ತದೆ. ಬೇವಿನ ಗಿಡದ ಕೆಳಗೆ ಅವ್ವ ನಿಂತಿದ್ದಳು. ಬಸ್ಸಿನ ಒಂದೊಂದೇ ಕಿಟಕಿ ನೋಡುತ್ತಿದ್ದಳು. ಇಳಿಯಬೇಕಾಗಿತ್ತು. ಇಳಿದು ಹಗ್ಗ ಅವಳ ಕೈಗೆ ಕೊಡಬೇಕಾಗಿತ್ತು, ಅವಳು ಬಿಚ್ಚುತ್ತಿದ್ದಳು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಾನು ತಲೆ ಬಗ್ಗಿಸಿ ಸೀಟಿನ ಕೆಳಗೆ ಚಪ್ಪಲಿ ಹುಡುಕಿದೆ. ಬಸ್ಸು ಮುಂದೆ ಹೋಯಿತು.

ಹೊತ್ತು ಮುಳುಗುವಾಗ ಅವ್ವ ಮನೆಗೆ ಬಂದಳು.

“ಹೋಗಿದ್ದೇನು? ಕರದೇನು?”

“ಹೋಗಿದ್ದೆ. ಮನಿಗಿ ಕೀಲಿ ಹಾಕಿತ್ತವ್ವಾ.”

“ಹೌದಾ,” ಎಂದಳು. ಚೀಲ ಗೂಟಕ್ಕೆ ಹಾಕಿದಳು. “ಇನ್ನೊಮ್ಮೆ ಹೋಗೀಯಂತ.”

ಇನ್ನೊಮ್ಮೆ ಅವ್ವ ಕೇಳಲಿಲ್ಲ. ನಾನೂ ಹೋಗಲಿಲ್ಲ. ಒಂದೆರಡು ವರ್ಷದ ಮೇಲೆ ಖಾನಾಪುರದ ಅದೇ ಮನೆಯ ಸಾಮಾನು ಹೇರುವ ಕೆಲಸ ಮಾಮಾನಿಗೆ ಬಂತು. ಆ ಹೆಂಗಸಿಗೆ ನನ್ನ ಗುರುತು ಹತ್ತಲಿಲ್ಲ. ಆ ಹುಡುಗ ದೊಡ್ಡವನಾಗಿದ್ದ. ಅವನು ಈಗ ನಡುಖೋಲಿಯಲ್ಲೇ ಮಲಗುತ್ತಿದ್ದ, ಅವನ ಹಾಸಿಗೆಯನ್ನು ನಾನು ಅಲ್ಲಿಂದ ಎತ್ತಿ ಹೊರಗೆ ತಂದೆ.

ಆಯಿ ಈಗಿಲ್ಲ. ಅಪ್ಪ ನಿವೃತ್ತನಾಗಿದ್ದಾನೆ. ಅವ್ವನಿಗೆ ಮೊಣಕಾಲು ಹಿಡಿದಿವೆ, ದಿನಾ ಹೋಗುವುದಿಲ್ಲ, ವಾರಕ್ಕೊಮ್ಮೆ ಹೋಗುತ್ತಾಳೆ. ಕಾಯಿಪಲ್ಲೆ ಎಂದು ಈಗ ಯಾರಿಗೂ ಹೇಳುವುದಿಲ್ಲ. ನಾನೇ ಕೆಲವು ಸಲ ಗಾಡಿಯಲ್ಲಿ ಕರೆದುಕೊಂಡು ಹೋಗಿ ಗಿಡದ ಕೆಳಗೆ ಬಿಟ್ಟು ಬರುತ್ತೇನೆ. ನಾನು ನೈಲಾನ್ ಹಗ್ಗ ಉಪಯೋಗಿಸುತ್ತೇನೆ. ಮುತ್ಯಾನ ಹಗ್ಗ ನನ್ನ ಮಂಚದ ಕೆಳಗೆ ಟ್ರಂಕಿನಲ್ಲಿದೆ, ಆ ಖೋಲಿಯಲ್ಲಿ ಹಾಕಿದ ಗಂಟು ಹಾಗೇ ಇದೆ. ಬಿಚ್ಚಿದರೆ ನಿಂಗಿ ಇಳಿಯುತ್ತಾಳೆ. ಇಳಿದರೆ ಎಲ್ಲಿ ಬಂದು ಮಲಗುತ್ತಾಳೆ ಎಂಬುದು ನನಗೆ ಗೊತ್ತು. ನಿನ್ನೆಯೂ ತೆಗೆದು ನೋಡಿದೆ, ಮತ್ತೆ ಇಟ್ಟೆ. ಅವ್ವ ಇಂದು ಗೇಟಿಗೆ ಹೋಗಿದ್ದಾಳೆ. ಇದರ ಮೇಲೆ ನನ್ನ ಹತ್ತಿರ ಹೇಳುವುದು ಏನೂ ಇಲ್ಲ.